ಚೀಟಿ ಗುರುವಾರ

2007 ಆಗಸ್ಟ್ 13, ಸೋಮವಾರ

ಲಂಡನ್ನಿನವರು ಬಂದು ಹೋದರು. ಒಟ್ಟು ಮೂವರು, ಒಬ್ಬನ ಹೆಸರು ನಮ್ಮ ಕಡೆಯದು, ನಾಲಿಗೆ ಮಾತ್ರ ಅಲ್ಲಿಯದು. ಪುಡಿ ಶೆಡ್ಡಿನ ಬಾಗಿಲವರೆಗೆ ಬಂದವರು ಮೂಗಿಗೆ ಕರ್ಚೀಫು ಹಿಡಿದು ಅಲ್ಲಿಂದಲೇ ತಿರುಗಿದರು. ಅದೇ ಶೆಡ್ಡಿನಲ್ಲಿ ಬಿಳಿಕಲ್ಲು ಪುಡಿ ಮಾಡುತ್ತ ನನ್ನ ಸೋದರಮಾವ ಇಡೀ ಪ್ರಾಯ ಕಳೆದರು. ಇವರಿಗೆ ಎರಡು ನಿಮಿಷ ನಿಲ್ಲಲಾಗಲಿಲ್ಲ. ಇರಲಿ, ಸೂಟಿಗೆ ಧೂಳು ಹತ್ತಿದರೆ ಅವರಿಗೂ ಕಷ್ಟವೇ.

ಕೆ.ಆರ್. ಪುರದಲ್ಲಿ ಕರೆಂಟು ಕಂಬದ ಪಿಂಗಾಣಿ ಇನ್ಸುಲೇಟರ್ ಮಾಡುವ ನಮ್ಮ ಕಾರ್ಖಾನೆಯಲ್ಲಿ ಅವರು ನೂರಕ್ಕೆ ನಲವತ್ತು ಪಾಲು ಕೊಳ್ಳುತ್ತಾರಂತೆ. ಷರತ್ತು ಒಂದೇ. ಬರುವ ಮಾರ್ಚ್ ಮೂವತ್ತೊಂದರ ಲೆಕ್ಕವನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಬರೆಯಬೇಕು, ಅವರ ಆಡಿಟರು ಅದನ್ನು ಒಪ್ಪಬೇಕು. ಐ.ಎಫ್.ಆರ್.ಎಸ್. ಎಂಬ ಅದರ ಹೆಸರನ್ನು ಎಂ.ಡಿ. ಇವತ್ತು ಮಂತ್ರದಂತೆ ಜಪಿಸಿದರು.

"ಸರ್, ನಮ್ ದೇಶದ ಕಾನೂನು ಇದನ್ನ ಕೇಳಲ್ವಲ್ಲ, ಮತ್ಯಾಕೆ ಮಾಡ್ಬೇಕು?" ಎಂದು ನಾನು ಫೈನಾನ್ಸ್ ಮುಖ್ಯಸ್ಥ ರಾಜಶೇಖರ ಅವರನ್ನು ಕೇಳಿದೆ. ಅವರು ಹುಬ್ಬಳ್ಳಿ ಕಡೆಯವರು, ನಗುನಗುತ್ತಲೇ ಚುಚ್ಚುತ್ತಾರೆ.

"ಕಾನೂನು ಎಲ್ಲೈತ್ರೀ ಮೇಡಂ? ರೊಕ್ಕ ಕೇಳಾಕ ಹೋದವ್ರು ರೊಕ್ಕದವ್ರ ಭಾಷಾದಾಗ ಮಾತಾಡಬೇಕು. ಬ್ಯಾಂಕಿನವ್ರೂ ಬಡ್ಡಿ ಕಡಿಮಿ ಮಾಡ್ತಾರ. ಹೊಸೂರಿನ ಕಂಪನಿ ಆಗ್ಲೇ ಮಾಡಿ ಕುಂತೈತಿ. ನಾವು ಮಾಡ್ಲಿಲ್ಲಂದ್ರ ಹೊರಗ ನಿಂತು ನೋಡೋದ ಅಷ್ಟ."

ನನಗಂತೂ ಖುಷಿಯೇ. ಹದಿನೈದು ವರ್ಷದಿಂದ ಇಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಯಾವ ಕಸವನ್ನು ಯಾವ ಮೂಲೆಗೆ ತಳ್ಳಿದ್ದಾರೆಂದು ಚೆನ್ನಾಗಿ ಗೊತ್ತು. ಯಾರಾದರೂ ಒಬ್ಬರು ದೀಪ ಹಿಡಿದು ನೋಡಲಿ. ಡೀಲ್ ಮುಗಿದರೆ ನಾನು ಲೆಕ್ಕ ವಿಭಾಗದ ಕಂಟ್ರೋಲರ್ ಆಗುತ್ತೇನಂತೆ. ಮನೆಗೆ ಬಂದು ಹೇಳಿದ್ದೇ ತಡ, ನನ್ನ ಗಂಡ ಕೆಂಪರಾಜ್ ಕಲ್ಯಾಣ ನಗರದ ಫ್ಲ್ಯಾಟಿನ ಕಾಗದ ಹೊರತೆಗೆದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಆಗಸ್ಟ್ 30, ಗುರುವಾರ

ಇವತ್ತು ಚೀಟಿ ಗುರುವಾರ. ತಿಂಗಳ ಕೊನೆಯ ಗುರುವಾರ ಬಂತೆಂದರೆ ಪುಡಿ ಶೆಡ್ಡಿನಿಂದ ನಿವೃತ್ತರಾದವರೆಲ್ಲ ಗೇಟಿನ ಹತ್ತಿರ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಬಂದು ಕೂರುತ್ತಾರೆ. ಕಂಪನಿಯ ಟೀ ಬರುತ್ತದೆ. ನಾನು ಹೋಗಿ ಒಬ್ಬೊಬ್ಬರಿಗೂ ಚೀಟಿ ಕೊಡುತ್ತೇನೆ. ಶಿವಾಜಿನಗರದಲ್ಲಿ ಜಿಯಾವುಲ್ಲಾ ಅವರ ಮೆಡಿಕಲ್ ಸ್ಟೋರಿನಲ್ಲಿ ಅದನ್ನು ತೋರಿಸಿದರೆ ಇನ್ಹೇಲರ್, ಮಾತ್ರೆ, ಎದೆ ತೀರಾ ಕೆಟ್ಟಿರುವವರಿಗೆ ಆಕ್ಸಿಜನ್ ಸಿಲಿಂಡರ್. ಬಿಲ್ಲು ಕಂಪನಿಗೆ ಬರುತ್ತದೆ.

ಇದಕ್ಕೊಂದು ಸರ್ಕ್ಯುಲರ್ ಇಲ್ಲ, ಒಪ್ಪಂದ ಇಲ್ಲ. ಕಾರ್ಖಾನೆ ಕಟ್ಟಿದ ದೊಡ್ಡೋರು, ಅಂದರೆ ಈಗಿನ ಎಂ.ಡಿ.ಯ ತಂದೆ, ಶೆಡ್ಡಿನವನೊಬ್ಬ ಕೆಮ್ಮಿ ಕೆಮ್ಮಿ ಸತ್ತಾಗ ಶುರುಮಾಡಿದ್ದು. ರಾಯರ ಭಕ್ತರು, ಅದಕ್ಕೇ ಗುರುವಾರ. ಅವರು ಹೋದ ಮೇಲೂ ನಡೆದುಕೊಂಡು ಬಂದಿದೆ. ನಿಲ್ಲಿಸಬಹುದು ಎಂಬುದು ಯಾರಿಗೂ ಹೊಳೆದಿಲ್ಲ.

ಮುನಿಆಂಜನಪ್ಪ ಮಾವ ಹಲಸೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಜೊತೆಗೆ ಎಂದಿನಂತೆ ಅಹ್ಮದ್ ಪಾಷಾ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿ, ಒಂದೇ ತಿಂಗಳು ಬಿಟ್ಟವರು. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಕೈ ಹಿಡಿದು ಕರೆತಂದು ದೊಡ್ಡೋರ ಮುಂದೆ ನಿಲ್ಲಿಸಿದ್ದು ಮಾವನೇ.

"ಏನವ್ವಾ ಯಮುನಾ, ಲಂಡನ್ನೋರು ಬಂದಿದ್ರಂತೆ?"

"ಹೂಂ ಮಾವ. ಲೆಕ್ಕ ಎಲ್ಲಾ ಹೊಸ ಥರ ಬರೀಬೇಕು. ಇದ್ದಿದ್ದು ಇದ್ದಂಗೆ."

"ಮತ್ತೆ ಇಷ್ಟು ದಿನ ಬರ್ದಿದ್ದು?"

ಪಾಷಾ ನಕ್ಕರು. ನಗು ಕೆಮ್ಮಾಯಿತು, ಆ ಕೆಮ್ಮು ಮಾವನಿಗೂ ಹತ್ತಿತು. ಬೆನ್ನು ನೀವುತ್ತ ನಿಂತೆ. ಈ ಜನಕ್ಕೆ ನಗುವುದಕ್ಕೂ ಉಸಿರು ಸಾಲದು.

ಸೆಪ್ಟೆಂಬರ್ 11, ಮಂಗಳವಾರ

ಲಂಡನ್ನಿನವರು ನೇಮಿಸಿದ ಆಡಿಟರ್ ಹೆಸರು ಸೃಷ್ಟಿ. ಚಿಕ್ಕ ಹುಡುಗಿ, ಮಾತು ಕಡಿಮೆ, ಪೆನ್ನು ಚೂಪು. ಕಂಪನಿ ಯಾರ್ಯಾರಿಗೆ ಏನೇನು ಕೊಡಬೇಕಿದೆಯೋ ಎಲ್ಲದರ ವಿವರ ಕೇಳಿದಳು. ಗ್ರಾಚ್ಯುಟಿ, ರಜೆ ಸಂಬಳ ಎಲ್ಲ ಕೊಟ್ಟೆ.

"ಬರವಣಿಗೇಲಿ ಇಲ್ದೇ ಇರೋದೂ ಬೇಕು ಮೇಡಂ. ವರ್ಷಗಟ್ಟಲೆ ಕೊಟ್ಕೊಂಡು ಬಂದಿದ್ದು ಏನಾದ್ರೂ ಇದ್ದು, ಜನ ಅದನ್ನ ನಂಬ್ಕೊಂಡಿದ್ರೆ ಅದೂ ಸಾಲಾನೇ. ರೂಢಿಯೂ ಸಾಲ."

ನಮ್ಮ ಹಿರಿಯರು ಕೊಟ್ಟ ಮಾತು ಕುತ್ತಿಗೆಗೆ ಬಿದ್ದ ಸಾಲ ಎನ್ನುತ್ತಿದ್ದರು. ಅದನ್ನೇ ಲಂಡನ್ನಿನ ಪುಸ್ತಕ ಹೇಳುತ್ತಿದೆ! ಚೀಟಿಯ ವಿಷಯ ಬಾಯಿಗೆ ಬಂತು. ರಾಜಶೇಖರ ಕಣ್ಣಲ್ಲೇ ತಡೆದರು. ಆಮೇಲೆ ಕ್ಯಾಬಿನ್ನಿಗೆ ಕರೆದು, "ಅದು ಸ್ಟಾಫ್ ವೆಲ್ಫೇರ್ ಖರ್ಚಿನಾಗ ಸುಮ್ಮ ಮಲಗೇತಿ. ಮಲಗಿದ್ದನ್ನ ಎಬ್ಬಿಸಬ್ಯಾಡ್ರಿ" ಎಂದರು.

ಮಧ್ಯಾಹ್ನವೆಲ್ಲ ಯೋಚಿಸಿದೆ. ಇವತ್ತಿನ ಎಂ.ಡಿ.ಗೆ ಅಪ್ಪನ ನೆನಪಾದರೂ ಇದೆ. ನಾಳೆ ಪಾಲು ಕೊಂಡವರಿಗೆ ಯಾವ ಅಪ್ಪ, ಯಾವ ಗುರುವಾರ? ಯಾವನೋ ಒಬ್ಬ ಖರ್ಚು ನೋಡಿ ಗೀಟು ಎಳೆದರೆ ಮುಗಿಯಿತು. ಲೆಕ್ಕದಲ್ಲಿ ಸಾಲ ಎಂದು ಬಂದುಬಿಟ್ಟರೆ ಯಾರೂ ಅಲ್ಲಾಡಿಸಲಾರರು. ಬರೆದಿಟ್ಟರೆ ಭದ್ರ. ಸಂಜೆ ನಾನೇ ಕೈಯಾರೆ ಎರಡು ಪುಟ ಬರೆದು ಸೃಷ್ಟಿಗೆ ಕೊಟ್ಟೆ. ದೊಡ್ಡೋರ ಹೆಸರನ್ನೂ ಬರೆದೆ.

ಬರುವಾಗ ಮಾವನ ಮನೆಗೆ ಹೋಗಿ ಹೇಳಿದೆ. ಮಾವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, "ದೊಡ್ಡೋರ ಮಾತು ಲಂಡನ್ ಬುಕ್ಕಿಗೆ ಹೋಯ್ತು ಅನ್ನು" ಎಂದು ಹೆಮ್ಮೆಪಟ್ಟರು. ಅಕ್ಕಯಮ್ಮ ಅತ್ತೆ ಬಸ್ಸಾರು ಮುದ್ದೆ ಬಡಿಸಿ ಏಳಲು ಬಿಡಲೇ ಇಲ್ಲ. ಬಹಳ ದಿನಗಳ ಮೇಲೆ ನನ್ನ ಓದಿಗೆ ಒಂದು ಅರ್ಥ ಬಂತು ಅನ್ನಿಸಿತು.

ಅಕ್ಟೋಬರ್ 9, ಮಂಗಳವಾರ

ಚೀಟಿಯ ಸಾಲ ಎಷ್ಟೆಂದು ಜನರ ಆಯಸ್ಸು ಅಂದಾಜು ಮಾಡುವ ವಿಮಾ ಗಣಿತದವರು ಲೆಕ್ಕ ಹಾಕಿ ಕಳಿಸಿದ್ದಾರೆ. ನಿವೃತ್ತರು ಮಾತ್ರವಲ್ಲ, ಈಗ ಶೆಡ್ಡಿನಲ್ಲಿ ಇರುವವರೂ ಮುಂದೊಂದು ದಿನ ಬೆಂಚಿಗೆ ಬರುತ್ತಾರಲ್ಲ, ಅವರಿಗೂ ಸಾಯುವವರೆಗೆ ಬೇಕಾಗುವ ಔಷಧಿಯೆಲ್ಲ ಸೇರಿ. ಕಂಪನಿಯ ಮೂರು ವರ್ಷದ ಲಾಭವನ್ನೂ ಮೀರಿದೆ.

"ಇರಲಾರ್ದೆ ಇರುವೆ ಬಿಟ್ಕೊಂಡಿದ್ದು ಯಾರು?" ಎಂದರು ಎಂ.ಡಿ. ಎಲ್ಲರೂ ನನ್ನ ಕಡೆ ನೋಡಿದರು.

ಸಾಲ ಇಳಿಸಲು ದಾರಿ ಹುಡುಕಿದ್ದು ರಾಜಶೇಖರ. ಮಾವನ ವಯಸ್ಸಿನವರು ಇನ್ನೂ ಹನ್ನೊಂದು ವರ್ಷ ಬದುಕುತ್ತಾರೆಂದು ಅವರ ಕೋಷ್ಟಕದಲ್ಲಿದೆ. "ಅದು ದೇಶದ ಸರಾಸರಿ. ನಮ್ಮ ಶೆಡ್ಡಿನ ಮಂದಿ ಅಷ್ಟೆಲ್ಲಿ ಬಾಳ್ತಾರ್ರೀ? ನಮ್ಮ ಅನುಭವ ಹಾಕ್ರಿ, ತಾನ ಇಳೀತೈತಿ." ಸತ್ತವರ ವಿವರ ನಾನೇ ತೆಗೆದುಕೊಡಬೇಕಾಯಿತು. ಒಬ್ಬೊಬ್ಬರ ಹೆಸರಿನ ಮುಂದೆ ನಿವೃತ್ತಿಯ ದಿನ, ಸತ್ತ ದಿನ. ಚಿಕ್ಕತಾಯಪ್ಪ. ಪೀಟರ್. ಸಯ್ಯದ್ ಭಾಯ್. ಪೀಟರ್ ಮಗಳ ಮದುವೆಗೆ ನಾನು ಹೋಗಿದ್ದೆ. ಬರೆಯುತ್ತ ಬರೆಯುತ್ತ ಅಳು ಬಂತು, ಬಾತ್ರೂಮಿಗೆ ಹೋಗಿ ಮುಖ ತೊಳೆದು ಬಂದೆ.

ಹನ್ನೊಂದು ನಾಲ್ಕಾಯಿತು. ಸಾಲ ಇಳಿಯಿತು. ಸಾಕಾಗುವಷ್ಟು ಇಳಿಯಲಿಲ್ಲ.

ಅಕ್ಟೋಬರ್ 14, ಭಾನುವಾರ

ಮಾವನ ಮನೆಗೆ ಹೋಗಿದ್ದೆ. ಹೋಗಬಾರದಿತ್ತು. ಆಫೀಸಿನ ಡ್ರೈವರ್ ಯಾರಿಗೋ ಹೇಳಿ, ಆ ಲೆಕ್ಕದ ಸುದ್ದಿ ಹಲಸೂರಿನವರೆಗೂ ಬಂದಿದೆ.

"ನಮ್ ಆಯಸ್ಸಿಗೂ ಲೆಕ್ಕ ಹಾಕ್ತಾರಂತಲ್ಲವ್ವಾ. ನಂಗೆಷ್ಟು ಹಾಕಿದ್ದೀಯ?"

"ಇಪ್ಪತ್ತು ವರ್ಷ ಮಾವ."

"ಅಯ್ಯಯ್ಯೋ, ಅಷ್ಟೆಲ್ಲಾ ಬ್ಯಾಡ ಕಣೇ. ಕಂಪ್ನಿಗೆ ಭಾರ ಆಯ್ತದೆ. ಒಂದೈದು ಕಳೀ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನೂ ನಕ್ಕೆ.

ನವೆಂಬರ್ 2, ಶುಕ್ರವಾರ

ಚೀಟಿ ನಿಲ್ಲಿಸುತ್ತಾರೆ.

ನಾನು ತಿಳಿದದ್ದೆಲ್ಲ ತಲೆಕೆಳಗು. ಮಾರ್ಚ್ ಮೂವತ್ತೊಂದರ ಹೊತ್ತಿಗೆ ಚೀಟಿ ಇನ್ನು ಮುಂದೆಯೂ ಸಿಗುತ್ತದೆ ಎಂಬ ನಿರೀಕ್ಷೆ ಆ ಜನಕ್ಕೆ ಇಲ್ಲದಿದ್ದರೆ ಸಾಲವೂ ಇಲ್ಲ. ಅದೇ ಪುಸ್ತಕದ ಅದೇ ನಿಯಮ. ಹಾಗಾಗಿ ಎಲ್ಲರಿಗೂ ನೋಟಿಸು, ಸಹಿ ಮಾಡಿ ಬಿಟ್ಟುಕೊಟ್ಟವರಿಗೆ ಒಂದು ಸಲದ ಇಡಿಗಂಟು. ನಾನು ಓಡಿದ್ದು ಸೃಷ್ಟಿಯ ಹತ್ತಿರ.

"ನಿಮ್ ರೂಲಲ್ಲೇ ಇತ್ತಲ್ಲಮ್ಮ, ಇದನ್ನ ಬರೀಲೇಬೇಕು ಅಂತ?"

"ಇದ್ರೆ ಬರೀಬೇಕು ಅಂತಿದೆ ಮೇಡಂ. ಕೊಡ್ತಾನೇ ಇರ್ಬೇಕು ಅಂತ ಎಲ್ಲೂ ಇಲ್ಲ." ಆಕೆಯ ಮುಖ ಸ್ವಲ್ಪ ಬಾಡಿತು, ನಿಜ ಹೇಳಬೇಕು.

ನಾನು ಎಬ್ಬಿಸದಿದ್ದರೆ ಅದು ಖರ್ಚಿನ ನಡುವೆ ಸುಮ್ಮನೆ ಮಲಗಿರುತ್ತಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. ನನ್ನ ಕೈಯಲ್ಲ, ಅವರ ಕೈ. ರಾಜೀನಾಮೆ ಬರೆದು ರಾಜಶೇಖರ ಅವರ ಮೇಜಿನ ಮೇಲಿಟ್ಟೆ. ಅವರು ಓದದೆ ವಾಪಸು ಕೊಟ್ಟರು.

"ನೀವು ಹೋದ್ರೂ ಚೀಟಿ ನಿಲ್ತೈತಿ. ಇದ್ರ ನಿಮ್ಮ ಮಂದಿಗೆ ಇಡಿಗಂಟು ನಾಕು ಕಾಸು ಜಾಸ್ತಿ ಮಾಡಸಬಹುದು. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಅದೂ ಸರಿಯೇ. ಒಳಗೊಬ್ಬರು ಬೇಕು.

ನವೆಂಬರ್ 18, ಭಾನುವಾರ

ಇಡಿಗಂಟು ಸ್ವಲ್ಪ ಹೆಚ್ಚಿಸಿದ್ದಾರೆ, ನನ್ನಿಂದಲೇ. ಆದರೆ ಯಾರೂ ಸಹಿ ಮಾಡುತ್ತಿಲ್ಲ. ಮುನಿಆಂಜನಪ್ಪ ಮಾಡಿದರೆ ಮಾಡುತ್ತೇವೆ ಎನ್ನುತ್ತಾರಂತೆ. ಅದಕ್ಕೇ ಇವತ್ತು ಹೋದೆ.

ಎಲ್ಲ ಬಿಡಿಸಿ ಹೇಳಿದೆ. ಲಂಡನ್ನಿನ ದುಡ್ಡು ಬಾರದಿದ್ದರೆ ಪಿಂಗಾಣಿ ಸುಡುವ ಹೊಸ ಗೂಡು ಕಟ್ಟಲಾಗುವುದಿಲ್ಲ, ಈಗ ದುಡಿಯುತ್ತಿರುವವರ ಕೆಲಸಕ್ಕೇ ಕುತ್ತು. ಸಹಿ ಮಾಡದಿದ್ದರೂ ಚೀಟಿ ಇಲ್ಲ, ಮಾಡಿದರೆ ದುಡ್ಡಾದರೂ ಕೈಗೆ ಬರುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ. ಮಾವ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು.

"ನಿನ್ ಔಷಧಿ, ಸಿಲಿಂಡರ್ ಎಲ್ಲಾ ನಂದು ಮಾವ. ಪ್ರತಿ ತಿಂಗ್ಳು ಜಿಯಾವುಲ್ಲಾ ಅಂಗಡಿಯಿಂದ ನಾನೇ ತಂದ್ಕೊಡ್ತೀನಿ. ನನ್ ಮೇಲೆ ನಂಬಿಕೆ ಇಲ್ವಾ?"

"ನಿನ್ ಮೇಲೆ ಇಲ್ದೆ ಇನ್ಯಾರ್ ಮೇಲವ್ವ." ಆಮೇಲೆ, "ಪಾಷಾಗೆ?" ಎಂದರು.

"ನೋಡೋಣ ಮಾವ."

ಚೀಟಿ ಗುರುವಾರ ಬಂದು ಸಹಿ ಹಾಕುತ್ತೇನೆ ಎಂದಿದ್ದಾರೆ. ಅತ್ತೆ ಕಾಫಿ ಕೊಟ್ಟರು. ಅಂತೂ ಒಂದು ಕೆಲಸ ಮುಗಿಯಿತು.

ನವೆಂಬರ್ 29, ಗುರುವಾರ

ಕಲ್ಲುಬೆಂಚಿನ ಪಕ್ಕದಲ್ಲೇ ಮೇಜು ಹಾಕಿಸಿದ್ದೆ. ಮಾವ ಮೊದಲು ಸಹಿ ಹಾಕಿದರು. ಅವರ ಹಿಂದೆ ಅರ್ಧಕ್ಕಿಂತ ಹೆಚ್ಚು ಜನ ಹಾಕಿದರು. ರಾಜಶೇಖರ ನನ್ನ ಬೆನ್ನು ತಟ್ಟಿದರು.

ಪಾಷಾ ಮಾತ್ರ ಕೈ ಕಟ್ಟಿ ನಿಂತುಬಿಟ್ಟರು. "ದೊಡ್ಡೋರು ಕೊಡಬೇಕಾದ್ರೆ ನನ್ ಹತ್ರ ಸೈನ್ ತಗೊಂಡ್ರಾ ಬೇಟಿ? ಬಿಡೋಕ್ ಮಾತ್ರ ಸೈನ್ ಯಾಕೆ?" ಅವರನ್ನು ನೋಡಿ ಇನ್ನೂ ಕೆಲವರು ಹಿಂದೆ ಸರಿದರು. ನನಗೆ ಸಿಟ್ಟು ಬಂತು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ನಾನು ಒದ್ದಾಡುತ್ತಿದ್ದರೆ ಇವರದು ಒಂದು ಹಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಡಿಸೆಂಬರ್ 27, ಗುರುವಾರ

ಚೀಟಿ ಇಲ್ಲವೆಂದು ಗೊತ್ತಿದ್ದೂ ಎಲ್ಲರೂ ಬಂದಿದ್ದರು. ಸಹಿ ಹಾಕಿದವರೂ, ಹಾಕದವರೂ. ಬೆಂಚಿನಲ್ಲಿ ಕೂತು ಟೀ ಕುಡಿದು, ಮಧ್ಯಾಹ್ನದವರೆಗೆ ಗೇಟು ನೋಡಿ ಹೋದರು. ಸೃಷ್ಟಿ ಮೇಲಿನ ಕಿಟಕಿಯಿಂದ ನೋಡಿದಳಂತೆ. "ಇನ್ನೂ ಕಾಯ್ತಿದ್ದಾರೆ ಅಂದ್ರೆ ನಿರೀಕ್ಷೆ ಇದೆ ಅಂತಾಯ್ತಲ್ಲ ಮೇಡಂ? ಸಹಿ ಹಾಕದೇ ಇರೋರ ವಿಷಯದಲ್ಲಿ ನಾನು ಒಪ್ಪೋಕಾಗಲ್ಲ" ಎಂದಳು.

ಮಾವನ ಸಿಲಿಂಡರಿಗೆ ಜಿಯಾವುಲ್ಲಾ ಅವರಿಗೆ ಫೋನು ಮಾಡಿ ಹೇಳಿದೆ. ಕೆಂಪರಾಜ್ ದುಡ್ಡು ಕೊಟ್ಟು ಬರುತ್ತಾರೆ.

2008 ಜನವರಿ 31, ಗುರುವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೆಳಿಗ್ಗೆ ಪಾಷಾ ಗೇಟಿನ ಹತ್ತಿರ ಉಸಿರು ಕಟ್ಟಿ ಕುಸಿದರು. ತುಟಿಯೆಲ್ಲ ನೀಲಿ. ಎಂ.ಡಿ. ಕಾರು ಅದೇ ಹೊತ್ತಿಗೆ ಒಳಗೆ ಬರಬೇಕೆ? ಇಳಿದು ನೋಡಿ ಹೆದರಿ, "ಕೊಟ್ಬಿಡ್ರೀ, ಇದೊಂದು ತಿಂಗ್ಳು ಎಲ್ರಿಗೂ ಕೊಟ್ಬಿಡಿ" ಎಂದುಬಿಟ್ಟರು. ಕೊಟ್ಟೆವು. ಪಾಷಾ ಚೇತರಿಸಿಕೊಂಡರು.

ಸೃಷ್ಟಿ ಬರೆದುಕೊಂಡಳು: ರೂಢಿ ನಿಂತಿಲ್ಲ, ನೋಟಿಸಿನ ನಂತರವೂ ನೀಡಲಾಗಿದೆ. ಒಂದು ಕ್ಷಣದ ಕರುಣೆ, ಮೂರು ತಿಂಗಳ ಕೆಲಸ ಮಣ್ಣುಪಾಲು. ಇನ್ನು ಉಳಿದಿರುವುದು ಎರಡೇ ಚೀಟಿ ಗುರುವಾರ. ಮಾರ್ಚ್ ಕೊನೆಯ ಗುರುವಾರ ತಾನೇ ಬಂದು ಗೇಟಿನಲ್ಲಿ ಕೂತು ನೋಡುತ್ತಾಳಂತೆ. ಯಾರೂ ನಿರೀಕ್ಷೆಯಿಂದ ಬರುತ್ತಿಲ್ಲ ಎಂದು ಕಣ್ಣಾರೆ ಕಂಡರೆ ಸರಿ, ಇಲ್ಲದಿದ್ದರೆ ಪೂರ್ತಿ ಸಾಲ ಲೆಕ್ಕಕ್ಕೆ. ಆಗ ಲಂಡನ್ನಿನವರು ಇಲ್ಲ, ಕಂಟ್ರೋಲರ್ ಕುರ್ಚಿಯೂ ಇಲ್ಲ. ಫ್ಲ್ಯಾಟಿಗೆ ಕೆಂಪರಾಜ್ ಆಗಲೇ ಮುಂಗಡ ಕೊಟ್ಟಿದ್ದಾರೆ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 12, ಮಂಗಳವಾರ

ಮೀಟಿಂಗಿನಲ್ಲಿ ನಾನೊಂದು ಸಲಹೆ ಕೊಟ್ಟೆ. ಕೂರಲು ಜಾಗ, ಕುಡಿಯಲು ಟೀ ಇದ್ದರೆ ಯಾರು ತಾನೇ ಬರುವುದಿಲ್ಲ? ಟೀ ನಿಲ್ಲಿಸಿ, ಕಲ್ಲುಬೆಂಚು ತೆಗೆಸಿದರಾಯಿತು. ಗಲಾಟೆ ಇಲ್ಲ, ಯಾರಿಗೂ ಒಂದು ಮಾತು ಆಡಬೇಕಿಲ್ಲ. ಎಂ.ಡಿ. "ಪ್ರ್ಯಾಕ್ಟಿಕಲ್" ಎಂದರು. ಬೆಂಚು ಹೊರಲು ಎಂಟು ಜನ ಬೇಕಾಯಿತು. ಈಗ ಹೊಂಗೆ ಮರದ ಕೆಳಗೆ ಸೆಕ್ಯುರಿಟಿಯವನ ಬೈಕು ನಿಲ್ಲುತ್ತದೆ.

ಸಂಜೆ ಜಿಯಾವುಲ್ಲಾ ಫೋನು ಮಾಡಿದ್ದರು. "ಮೇಡಂ, ಮುನಿಆಂಜನಪ್ಪಂದು ಸಿಲಿಂಡರ್ ಖಾಲಿಯಾಗಿ ಎಷ್ಟೋ ದಿನ ಆಯ್ತಂತೆ. ಕೇಳೋಕೆ ಸಂಕೋಚ ಅವ್ರಿಗೆ. ಕಳಿಸ್ಲಾ?" ಛೆ, ಮರೆತೇಹೋಗಿತ್ತು. ಕಳಿಸಲು ಹೇಳಿದೆ. ಮಾವ ಒಂದು ಮಾತು ಹೇಳಿ ಕಳಿಸಬಹುದಿತ್ತು.

ಫೆಬ್ರವರಿ 28, ಗುರುವಾರ

ಮಾಜಿಗಳು ಬಂದರು. ಕಡಿಮೆಯಾಗಿದ್ದಾರೆ, ಆದರೂ ಬಂದರು. ಬೆಂಚಿದ್ದ ಜಾಗದಲ್ಲೇ ನೆಲದ ಮೇಲೆ ಕೂತರು. ನಡುವೆ ಮಾವ! ಸಹಿ ಹಾಕಿ ದುಡ್ಡು ತೆಗೆದುಕೊಂಡವರು ಬಂದು ಕೂತರೆ ಉಳಿದವರಿಗೆ ಏನು ಸಂದೇಶ ಹೋಗುತ್ತದೆ? ಪಕ್ಕಕ್ಕೆ ಕರೆದೆ. ಹತ್ತು ಹೆಜ್ಜೆಗೆ ಎರಡು ಸಲ ನಿಂತರು.

"ನೀನ್ಯಾಕ್ ಬರ್ತೀಯ ಮಾವ? ನಿಂಗೆ ನಾನು ಕೊಡಿಸ್ತಿಲ್ವಾ?"

"ಚೀಟಿಗಲ್ಲ ಕಣವ್ವ. ಜನ ಸಿಗ್ತಾರೆ. ಸುಮ್ನೆ ಮನೇಲಿದ್ರೆ ಉಸಿರಾಡೋ ಸದ್ದೇ ಕೇಳ್ತಾ ಇರ್ತದೆ."

"ನೀನು ಬಂದ್ರೆ ನಿನ್ ಹಿಂದೆ ಎಲ್ರೂ ಬರ್ತಾರೆ. ಮುಂದಿನ ತಿಂಗ್ಳು ದಯವಿಟ್ಟು ಬರ್ಬೇಡ. ಅವ್ರಿಗೂ ಹೇಳು. ನನ್ ಕೆಲ್ಸದ ಪ್ರಶ್ನೆ."

ಮಾವ ನನ್ನ ಮುಖವನ್ನೇ ನೋಡಿದರು. "ಸೊರಗಿದ್ದೀಯ ಕಣೇ. ಊಟ ಮಾಡ್ತಿದ್ದೀಯಾ ಇಲ್ವಾ?" ಎಂದರು. ಹೇಳಿದ್ದು ತಲೆಗೆ ಹೋಯಿತೋ ಇಲ್ಲವೋ.

ಮಾರ್ಚ್ 16, ಭಾನುವಾರ

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೊಸ ಮನೆಗೆ ಪರದೆ ಬಟ್ಟೆ, ಲಂಡನ್ನಿನವರ ಸಹಿ ಸಮಾರಂಭಕ್ಕೆ ಒಂದು ಸೀರೆ ಕೊಂಡೆ. ತಿಳಿ ಬೂದು ಬಣ್ಣ, ಆಫೀಸಿಗೆ ಒಪ್ಪುತ್ತದೆ. ಜಿಯಾವುಲ್ಲಾ ಅವರ ಅಂಗಡಿ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಎರಡೂ ಕೈಯಲ್ಲಿ ಚೀಲ, ಬಿಸಿಲು ಬೇರೆ. ಭಾನುವಾರ ಮುಚ್ಚಿದ್ದರೂ ಮುಚ್ಚಿರಬಹುದು. ಮಾವನ ಸಿಲಿಂಡರಿಗೆ ನಾಳೆ ಫೋನು ಮಾಡಿದರಾಯಿತು.

ಮಾರ್ಚ್ 20, ಗುರುವಾರ

ವರ್ಷಾಂತ್ಯದ ಕೆಲಸ. ಅತ್ತೆಯ ಫೋನು ಎರಡು ಸಲ ಬಂದಿತ್ತು, ಮೀಟಿಂಗಿನಲ್ಲಿದ್ದೆ.

ಮಾರ್ಚ್ 25, ಮಂಗಳವಾರ

ಮಾವ ಹೋದರು. ಬೆಳಗಿನ ಜಾವ. ಬೌರಿಂಗ್ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ. ಪಾಷಾ ಅವರ ತೊಡೆಯ ಮೇಲೆ ತಲೆಯಿತ್ತಂತೆ. ಸಿಲಿಂಡರ್ ಖಾಲಿಯಾಗಿತ್ತು. ಇದ್ದಿದ್ದರೂ ಶ್ವಾಸಕೋಶ ಕಲ್ಲಾಗಿತ್ತು, ಹೆಚ್ಚೆಂದರೆ ಇನ್ನೊಂದೆರಡು ತಿಂಗಳು ಎಂದು ಡಾಕ್ಟರು ಹೇಳಿದರು. ನಾನು ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಸಂಜೆ ಮಣ್ಣು ಮಾಡಿದರು. ಅತ್ತೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗುರುವಾರ ಬೆಳಿಗ್ಗೆ ಸಮಾಧಿಗೆ ಮೂರನೇ ದಿನದ ಹಾಲುತುಪ್ಪ ಎಂದು ಮಾತ್ರ ಹೇಳಿದರು.

ಗುರುವಾರ ಸೃಷ್ಟಿ ಬರುತ್ತಾಳೆ.

ಮಾರ್ಚ್ 27, ಗುರುವಾರ

ಹಾಲುತುಪ್ಪಕ್ಕೆ ಹೋಗಲಾಗಲಿಲ್ಲ. ನಿನ್ನೆಯೇ ಅತ್ತೆಗೆ ಹೇಳಿದ್ದೆ, ಸಂಜೆ ಬರುತ್ತೇನೆಂದು.

ಸೃಷ್ಟಿಯೂ ನಾನೂ ಬೆಳಿಗ್ಗೆ ಒಂಬತ್ತರಿಂದ ಗೇಟಿನ ಪಕ್ಕದ ಸೆಕ್ಯುರಿಟಿ ಕೋಣೆಯಲ್ಲಿ ಕೂತೆವು. ಹಳೆ ಮದ್ರಾಸ್ ರಸ್ತೆಯಲ್ಲಿ ಲಾರಿಗಳು, ಬಸ್ಸುಗಳು. ಪ್ರತಿ ಬಸ್ಸು ನಿಂತಾಗಲೂ ಯಾರು ಇಳಿಯುತ್ತಾರೆಂದು ಕತ್ತು ಚಾಚಿ ನೋಡುತ್ತಿದ್ದೆ. ಹತ್ತಾಯಿತು, ಹನ್ನೊಂದಾಯಿತು. ಮಧ್ಯಾಹ್ನವೂ ಕಳೆಯಿತು. ಒಬ್ಬರೂ ಇಳಿಯಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಎಲ್ಲರೂ ಹಲಸೂರಿನ ಸ್ಮಶಾನದಲ್ಲಿ ಮಾವನ ಗುಡ್ಡೆಯ ಸುತ್ತ ನಿಂತಿರುತ್ತಾರೆ.

"ಏನ್ ಮೇಡಂ, ಒಬ್ರೂ ಇಲ್ವಲ್ಲ? ಹೋದ್ ತಿಂಗ್ಳು ಅಷ್ಟು ಜನ ಇದ್ರು" ಎಂದು ಸೃಷ್ಟಿ ಕೇಳಿದಳು.

"ಅರ್ಥ ಮಾಡ್ಕೊಂಡಿದ್ದಾರೆ" ಎಂದೆ.

ಅವಳು ಮತ್ತೇನೂ ಕೇಳದೆ, ನಿರೀಕ್ಷೆ ಉಳಿದಿಲ್ಲ ಎಂದು ಬರೆದಳು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ರಾಜಶೇಖರ ಮೈಸೂರ್ ಪಾಕ್ ಹಂಚಿದರು. ಸಾಲ ಪೂರ್ತಿ ಅಳಿಸಿ, ವರದಿ ಐದು ಗಂಟೆಗೆ ಲಂಡನ್ನಿಗೆ ಹೋಯಿತು. ತಲೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಅಲ್ಲಿಂದ ನೇರ ಹಲಸೂರಿಗೆ ಹೋದೆ. ಮಾವನ ಮನೆಯ ಮುಂದೆ, ಗೋಡೆಗೊರಗಿ, ಶೆಡ್ಡಿನವರೆಲ್ಲ ಸಾಲಾಗಿ ಕೂತಿದ್ದರು. ಬೆಳಿಗ್ಗೆ ಬಂದವರು ಇನ್ನೂ ಎದ್ದಿರಲಿಲ್ಲ. ಪಾಷಾ ಕೈಸನ್ನೆ ಮಾಡಿ ಹತ್ತಿರ ಕರೆದರು. ಮಾತಾಡುವ ಮುಂಚೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಬೇಟಿ, ಇವತ್ತು ಗೇಟಿಗೆ ನಾವ್ಯಾರೂ ಬರಕ್ಕಾಗ್ಲಿಲ್ಲ. ಅವನನ್ನ ಬಿಟ್ಟು ಹೆಂಗ್ ಬರೋದು, ಹೇಳು? ಆಫೀಸಲ್ಲಿ ತಪ್ಪು ತಿಳ್ಕೋಬೇಡಿ ಅಂತ ಹೇಳ್ಬಿಡು." ಮತ್ತೆ ಉಸಿರು ಎಳೆದುಕೊಂಡರು. "ನಾಳೆ ಬಂದ್ರೆ ಚೀಟಿ ಕೊಡ್ತಾರಾ? ಒಂದ್ಸಲ ಕೇಳಿ ನೋಡ್ತೀಯಾ?"

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಕೇಳ್ತೀನಿ" ಎಂದೆ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಊಟಕ್ಕೆ ಕರೆದರು. ಅನ್ನ, ಹುಳಿ, ಒಂದು ಪಲ್ಯ. ಬೆಳಿಗ್ಗೆಯಿಂದ ಸರಿಯಾಗಿ ಏನೂ ತಿಂದಿರಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ.